ಎಂಜಿಬಿಗೆ 14 ಇಂಚಿನ ಸ್ಟೀರಿಂಗ್ ಹಾಕ್ರಿ, ಆದ್ರೆ ವೆಲ್ಡಿಂಗ್ ಮಾತ್ರ ಬೇಡ
ನೀವು ಚಿತ್ರದುರ್ಗದಿಂದ ಕೇಳಿದೀರ, ಹಳೇ ಎಂಜಿಬಿ ಅನ್ನೋ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ 14 ಇಂಚಿನ ಮರದ ಸ್ಟೀರಿಂಗ್ ತಂದಿದೀನಿ, ಬಾಸ್ ಕಿಟ್ (ಸ್ಟೀರಿಂಗನ್ನ ಶಾಫ್ಟಿಗೆ ಜೋಡಿಸೋ ನಡುವಿನ ತುಂಡು) ಬರೋಕೆ ತಿಂಗಳಾಗುತ್ತಂತೆ, ಹಳೇ ಸ್ಟೀರಿಂಗಿನ ನಡುಭಾಗ ಕೊಯ್ದು ಹೊಸದಕ್ಕೆ ವೆಲ್ಡ್ ಮಾಡ್ಕೊಡ್ತೀನಿ ಅಂತಾನೆ ಮೆಕ್ಯಾನಿಕ್, ಮಾಡಿಸ್ಲಾ ಅಂತ. ಬೇಡ್ರಿ, ಕೈಮುಗೀತೀನಿ. ವೆಲ್ಡ್ ಮೇಲೆ ನುಣ್ಣಗೆ ಕಾಣುತ್ತೆ, ಒಳಗೆ ಎಷ್ಟು ಹಿಡಿದೈತೆ ಅಂತ ಯಾರಿಗೂ ಕಾಣಲ್ಲ, ಕಾವಿಗೆ ಒಳಗೆ ಶಾಫ್ಟಿಗೆ ಕಚ್ಚಿಕೊಳ್ಳೋ ಸ್ಪ್ಲೈನ್ ಹಲ್ಲು ಬೇರೆ ಸೊಟ್ಟ ಆಗ್ಬಹುದು, ಹೈವೇಲಿ ಲಾರಿ ಪಕ್ಕ ಹೋಗ್ತಿರುವಾಗ ಸ್ಟೀರಿಂಗ್ ಕೈಗೆ ಬಂದ್ರೆ ಏನ್ ಮಾಡ್ತೀರ? ಒಂದು ತಿಂಗಳು ಕಾಯ್ರಿ.

ನಾನು ದಾವಣಗೆರೇಲಿ ನನ್ನ ಎಂಜಿಬಿಗೆ ಇದೇ ಕೆಲ್ಸ ಮಾಡ್ಕೊಂಡಿದೀನಿ. ಎಂಜಿಬಿ 1962ರಿಂದ 1980ರವರೆಗೆ ಬಂದಿರೋ ಗಾಡಿ, ನಡುವೆ ಸ್ಟೀರಿಂಗ್ ಕಾಲಮ್ (ಶಾಫ್ಟ್ ಇರೋ ಕೊಳವೆ) ಬದಲಾಗೈತೆ, ಹಂಗಾಗಿ ನಿಮ್ಮ ಗಾಡಿ ವರ್ಷ ನೋಡೇ ಬಾಸ್ ತರಿಸ್ರಿ. ಇನ್ನೊಂದು, ಬೋಲ್ಟ್ ತೂತು. ಸ್ಟೀರಿಂಗ್ ಕಂಪನಿಗಳಲ್ಲಿ ಮೋಮೋದು 6 ತೂತು 70 ಎಂಎಂ ಅಡ್ಡಳತೆ ಸರ್ಕಲ್ ಮೇಲೆ, ನಾರ್ಡಿದು 6 ತೂತೇ ಆದ್ರೆ 74 ಎಂಎಂ. ನನ್ನ ಸ್ಟೀರಿಂಗ್ 70, ಬಂದ ಬಾಸ್ 74, ಒಂದೊಂದು ತೂತೂ ಬರೀ 2 ಎಂಎಂ ಆಚೆ! ಗುಂಡುಫೈಲ್ ತಗೊಂಡು ತೂತು ಉದ್ದ ಮಾಡೋಣ ಅಂತ ಕೂತಿದ್ದೆ. ಪುಣ್ಯಕ್ಕೆ ಅದಕ್ಕೆ ಮುಂಚೆ ಒಬ್ಬ ಹಳೇ ಟರ್ನರ್ ಹತ್ರ ತೋರಿಸ್ದೆ, ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ಕೆಲ್ಸ ಕಲಿತೋರು. ಉದ್ದ ತೂತಲ್ಲಿ ಸ್ಕ್ರೂ ಜಾರುತ್ತೆ, ಮುಟ್ಟಬೇಡ ಅಂದ್ರು. ಬಾಸ್‌ಗೂ ಸ್ಟೀರಿಂಗ್‌ಗೂ ನಡುವೆ ಕೂರೋ ಅಲ್ಯೂಮಿನಿಯಂ ರಿಂಗ್ ಒಂದು ಲೇತಲ್ಲಿ ಟರ್ನ್ ಮಾಡಿ, 74ರ 6 ತೂತು, ಅವುಗಳ ನಡುನಡುವೆ 30 ಡಿಗ್ರಿ ತಿರುಗಿಸಿ 70ರ 6 ತೂತು ಹಾಕಿ ಟ್ಯಾಪ್ ಹೊಡೆದು (ಸ್ಕ್ರೂಗೆ ಥ್ರೆಡ್ ಕೊರೆದು) ಕೊಟ್ರು, ಹಂಗೆ ತಿರುಗಿಸಿದ್ರಿಂದ ತೂತಿಗೆ ತೂತು ಕೂಡ್ಲಿಲ್ಲ. ಇವತ್ತಿಗೂ ಒಂಚೂರು ಅಲ್ಲಾಡಿಲ್ಲ.

ಬಿಚ್ಚೋವಾಗ ಬ್ಯಾಟರಿ ತೆಗೀರಿ, ಮುಂದಿನ ಗಾಲಿ ನೆಟ್ಟಗಿರ್ಲಿ, ಶಾಫ್ಟಿಗೂ ಸ್ಟೀರಿಂಗ್ ನಡುಭಾಗದ ಹಬ್‌ಗೂ ಸೇರಿ ಒಂದು ಗೆರೆ ಹಾಕ್ಕೊಳ್ರಿ. ನಟ್ ಸಡಿಲ ಮಾಡಿ, ಪೂರ್ತಿ ತೆಗೀಬೇಡ್ರಿ, ನಾಲ್ಕು ಸುತ್ತು ಇರ್ಲಿ, ಯಾಕಂದ್ರೆ ಸ್ಟೀರಿಂಗ್ ಒಮ್ಮೆಗೇ ಕಿತ್ತು ಬಂದ್ರೆ ಮುಖಕ್ಕೇ ಹೊಡೆಯುತ್ತೆ. ತುಕ್ಕು ಹಿಡಿದಿದ್ರೆ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ, ಆಮೇಲೆ ಪುಲ್ಲರ್ (ಸ್ಟೀರಿಂಗ್ ಎಳೆದು ತೆಗೆಯೋ ಸಾಧನ) ಹಾಕ್ರಿ. ಸುತ್ತಿಗೆ ಎತ್ಲೇಬೇಡ್ರಿ, ಕೊಲ್ಯಾಪ್ಸಿಬಲ್ ಕಾಲಮ್ (ಡಿಕ್ಕಿಯಾದಾಗ ಒಳಕ್ಕೆ ಕುಗ್ಗೋದು) ಆಗಿದ್ರೆ ಒಳಗಿನ ಪ್ಲಾಸ್ಟಿಕ್ ಪಿನ್ ಮುರೀತಾವೆ, ಆಮೇಲೆ ಆ್ಯಕ್ಸಿಡೆಂಟಲ್ಲಿ ಅದು ಮಾಡ್ಬೇಕಾದ ಕೆಲ್ಸ ಮಾಡಲ್ಲ.

ಬಾಸ್ ಕೂರಿಸೋವಾಗ ಇಂಡಿಕೇಟರ್ ತಾನಾಗೇ ಆಫ್ ಆಗುತ್ತಾ, ಹಾರ್ನ್ ಕಾಂಟ್ಯಾಕ್ಟ್ ಒಂದು ಫುಲ್ ಸುತ್ತಲ್ಲೂ ಹಿಡಿಯುತ್ತಾ ನೋಡ್ಕೊಳ್ರಿ. ನಟ್ ಟಾರ್ಕ್ ರೆಂಚಲ್ಲೇ (ಬಿಗಿ ಅಳೆಯೋ ಸ್ಪ್ಯಾನರ್) ಬಿಗೀರಿ, ಮ್ಯಾನ್ಯುಯಲ್ ಹೇಳಿದಷ್ಟೇ.

ಇನ್ನ ಭಾರದ ವಿಷ್ಯ. ಮೊದಲಿನ ಎಂಜಿಬಿ ಸ್ಟೀರಿಂಗ್ ಹದಿನಾರೂವರೆ ಇಂಚು, ಅದು 14 ಆದ್ರೆ ಕೈಗೆ ಹೆಚ್ಚುಕಮ್ಮಿ 18 ಪರ್ಸೆಂಟ್ ಜಾಸ್ತಿ ಬಲ ಬೇಕು, ಪವರ್ ಸ್ಟೀರಿಂಗ್ ಅಂತೂ ಇಲ್ಲ. ಹೈವೇಲಿ ಏನೂ ಗೊತ್ತಾಗಲ್ಲ, ನಮ್ಮ ಮಂಡಿಪೇಟೆ ಸಂದೀಲಿ ರಿವರ್ಸ್ ತಗೊಳ್ಳೋವಾಗ ಭುಜ ಹೇಳುತ್ತೆ. ನಿಮ್ಮ ಮನೆಯವ್ರೂ ಓಡಿಸೋದಾದ್ರೆ 15 ಇಂಚಿಂದು ಒಳ್ಳೇದು ಅಂತ ನನ್ನ ಅಭಿಪ್ರಾಯ.

ಗಾಡಿ ವರ್ಷ, ಸ್ಟೀರಿಂಗ್ ಹಿಂದಿನ ತೂತುಗಳ ಫೋಟೋ ಹಾಕ್ರಿ, ಯಾವ ಬಾಸ್ ಬೇಕು ಅಂತ ನೋಡಿ ಹೇಳ್ತೀನಿ.