ಓದುಗರ ಪ್ರಶ್ನೆ: ಡಂಕನ್ ಕೊಲೆ ಯಾರ ತಲೆಗೆ?

ಪ್ರಶ್ನೆ: ನಮ್ಮ ನಾಟಕ ತಂಡದಲ್ಲಿ ಶೇಕ್ಸ್‌ಪಿಯರ್‌ನ 'ಮ್ಯಾಕ್‌ಬೆತ್' ಓದ್ತಾ ಇದೀವಿ. ರಾಜ ಡಂಕನ್‌ನ ಕೊಲ್ಲೋಕೆ ಗಂಡ ಮ್ಯಾಕ್‌ಬೆತ್‌ನ ಎತ್ತಿಕಟ್ಟಿದ್ದೇ ಹೆಂಡ್ತಿ, ಆಮೇಲೆ ಅವಳೇ ಯಾಕೆ ಕುಸಿದು ಬೀಳ್ತಾಳೆ? ತಪ್ಪು ಯಾರದ್ದು?
– ಓದುಗಿ, ಶಿರಸಿ

ಉತ್ತರ: ಪೂರ್ತಿ ಹೆಂಡ್ತಿ ತಲೆಗೆ ಕಟ್ಬೇಡಿ ಮಾರಾಯ್ರೆ. ಮಾಟಗಾತಿಯರು ಮ್ಯಾಕ್‌ಬೆತ್‌ಗೆ ನೀನು ರಾಜ ಆಗ್ತೀಯ ಅಂದ್ರೇ ಹೊರತು ಕೊಲ್ಲು ಅನ್ಲಿಲ್ಲ, ಕೊಲೆ ಯೋಚನೆ ಬಂದಿದ್ದು ಅವನ ತಲೇಲೇ, ಡಂಕನ್ ತನ್ನ ನೆಂಟ, ಮನೆಗೆ ಬಂದ ಅತಿಥಿ, ಒಳ್ಳೇ ರಾಜ ಅಂತೆಲ್ಲಾ ಲೆಕ್ಕ ಹಾಕಿ ಗೊತ್ತಿದ್ದೂ ಗೊತ್ತಿದ್ದೂ ಚಾಕು ಹಿಡೀತಾನೆ. ಅವಳ ಗಟ್ಟಿತನ ಬರೀ ಮೇಲ್ಮೇಲಿಂದು, ಮಲಗಿದ್ದ ರಾಜ ನನ್ನಪ್ಪನ ಹಾಗೆ ಕಾಣದಿದ್ರೆ ನಾನೇ ಮುಗಿಸ್ತಿದ್ದೆ ಅಂತಾಳಲ್ಲ, ಆ ಮಾತು ಬಿಡಬೇಡಿ. ಸ್ವಲ್ಪ ನೀರಲ್ಲಿ ರಕ್ತ ಹೋಗುತ್ತೆ ಅಂದವಳು ಕೊನೆಗೆ ನಿದ್ದೆಗಣ್ಣಲ್ಲಿ ಓಡಾಡ್ತಾ ಕೈ ಉಜ್ತಾನೇ ಇರ್ತಾಳೆ. ಅವನು ಉಲ್ಟಾ, ಮೊದಲೇ ಹೆದರ್ತಾನೆ, ಪ್ರಾರ್ಥನೆ ಕೊನೇಲಿ 'ಆಮೆನ್' ಅನ್ನೋಕೂ ಬಾಯಿ ಬರಲ್ಲ, ಆಮೇಲೆ ಜೊತೆ ದಂಡನಾಯಕ ಬ್ಯಾಂಕೋ, ಸರದಾರ ಮ್ಯಾಕ್‌ಡಫ್‌ನ ಹೆಂಡ್ತಿ ಮಕ್ಕಳು ಅಂತ ಕೊಲ್ಲಿಸ್ತಾ ಹೋಗ್ತಾನೆ, ಮೊದಲಿನ ಹಾಗೆ ಹೆಂಡ್ತಿ ಹತ್ರ ಕೇಳೋದೂ ಇಲ್ಲ. ಅವಳು ಒಂಟಿ ಆಗೋದು ಅಲ್ಲೇ ಅಂತ ನನಗನ್ಸುತ್ತೆ.

ಇತಿಹಾಸ ಬೇರೇನೇ. ಸ್ಕಾಟ್ಲೆಂಡಿನ ನಿಜವಾದ ಡಂಕನ್ ಸತ್ತಿದ್ದು 1040ರಲ್ಲಿ, ಯುದ್ಧದಲ್ಲಿ, ಹಾಸಿಗೇಲಿ ಅಲ್ಲ, ಮ್ಯಾಕ್‌ಬೆತ್ 1057ರ ತನಕ ಆಳಿದ. ಶೇಕ್ಸ್‌ಪಿಯರ್ ಓದಿದ ಚರಿತ್ರೆ ಪುಸ್ತಕದಲ್ಲಿ ಬ್ಯಾಂಕೋನೂ ಕೊಲೆಗೆ ಪಾಲುದಾರ, ಆದ್ರೆ ಆಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದ ಜೇಮ್ಸ್ ದೊರೆ ತಾನು ಬ್ಯಾಂಕೋ ವಂಶದವನು ಅಂತಿದ್ದ, ಅದಕ್ಕೇ ಇರ್ಬೇಕು ನಾಟಕದಲ್ಲಿ ಅವನಿಗೆ ಕ್ಲೀನ್ ಚಿಟ್! ಮೇಲಿಂದ 1605ರಲ್ಲಿ ಅದೇ ಜೇಮ್ಸ್‌ನ ಪಾರ್ಲಿಮೆಂಟ್ ಸಮೇತ ಮದ್ದಿಟ್ಟು ಹಾರಿಸೋ ಸಂಚು ಬೇರೆ ಸಿಕ್ಕಿಬಿದ್ದಿತ್ತು, ರಾಜನ ಕೊಲೆ ಅಂದ್ರೆ ಆಗ ಬಿಸಿ ವಿಷಯ.

ಆಡ್ಸೋದಾದ್ರೆ ಕೈ ಉಜ್ಜೋ ಸೀನಿಗೆ ಹಾರ್ಮೋನಿಯಂ ಬೇಡ.