ನಾಡಿ ಅದೇ 72, ಆದರೆ ಇಸಿಜಿ ಬೇರೆ

ಓದುಗರ ಪತ್ರ: ನನಗೀಗ 68. ಬಿಪಿ, ಶುಗರ್ ಇಲ್ಲ, ಮಾತ್ರೆ ಯಾವುದೂ ಇಲ್ಲ, ಎಕೋ ನಾರ್ಮಲ್. ಆದರೂ ಈ ಸಲದ ಇಸಿಜಿಯಲ್ಲಿ ‘ಫಸ್ಟ್ ಡಿಗ್ರಿ ಎವಿ ಬ್ಲಾಕ್, ಲೆಫ್ಟ್ ಆಕ್ಸಿಸ್’ ಎಂದು ಬಂದಿದೆ. ಡಾಕ್ಟರು ‘ವಯಸ್ಸಿನದು, ಬಿಡಿ’ ಅಂದರು. ನಲವತ್ತೈದರಲ್ಲಿ ತೆಗೆಸಿದ್ದರಲ್ಲಿ ಇದ್ಯಾವುದೂ ಇರಲಿಲ್ಲ. ನಾಡಿ ಆಗಲೂ 72, ಈಗಲೂ 72. ಹಾಗಾದರೆ ಬದಲಾದದ್ದೇನು?

ಸಂಪಾದಕರ ಉತ್ತರ: ಎರಡೂ ಇಸಿಜಿಯ ಪ್ರತಿ ಕಳಿಸಿದ್ದು ಒಳ್ಳೆಯದಾಯಿತು. ಮೊದಲು ‘ಬ್ಲಾಕ್’ ಭಯ ಬಿಡಿ, ರಕ್ತನಾಳ ಕಟ್ಟಿಕೊಳ್ಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾಗದದ ಒಂದು ಚಿಕ್ಕ ಚೌಕ ಎಂದರೆ 0.04 ಸೆಕೆಂಡ್. ಹಳೆಯದರಲ್ಲಿ ಪಿ ಅಲೆಯ (ಹೃದಯದ ಮೇಲಿನ ಕೋಣೆಗಳ ಸಂಕೇತ) ಆರಂಭದಿಂದ ಕ್ಯೂಆರ್‌ಎಸ್‌ವರೆಗೆ (ಕೆಳಗಿನ ಕೋಣೆಗಳ ಸಂಕೇತ) ನಾಲ್ಕು ಚೌಕ, ಇದೇ ಪಿಆರ್ ಅಂತರ. ಈಗ ಐದು ದಾಟಿ ಒಂದಿಷ್ಟು. ಐದು ಚೌಕ, ಅಂದರೆ 0.20 ಸೆಕೆಂಡ್ ಮೀರಿದರೆ ಯಂತ್ರ ‘ಫಸ್ಟ್ ಡಿಗ್ರಿ ಎವಿ ಬ್ಲಾಕ್’ ಎಂದು ಅಚ್ಚು ಹಾಕಿಬಿಡುತ್ತದೆ. ವಯಸ್ಸಾದಂತೆ ವಿದ್ಯುತ್ ಹರಿಯುವ ದಾರಿಯಲ್ಲಿ ನಾರಿನಂಶ ಹೆಚ್ಚಿ ಸಂಕೇತ ತುಸು ತಡವಾಗುತ್ತದೆ. ಆಕ್ಸಿಸ್, ಅಂದರೆ ವಿದ್ಯುತ್ ಹರಿವಿನ ಒಟ್ಟು ದಿಕ್ಕು, ಎಡಕ್ಕೆ ವಾಲುವುದು, ಬಡಿತದ ಕೊನೆಗೆ ಬರುವ ಟಿ ಅಲೆ ತಗ್ಗುವುದು ಕೂಡ ಆರೋಗ್ಯವಂತರಲ್ಲೇ ಕಾಣುವಂಥವು.

ನಿಮ್ಮ ನಿಜವಾದ ಪ್ರಶ್ನೆ ಇರುವುದು ಆ 72ರಲ್ಲಿ. ನರಗಳ ಹಿಡಿತವನ್ನು ಔಷಧಿಯಿಂದ ತಡೆದು, ಹೃದಯ ತನ್ನಷ್ಟಕ್ಕೆ ಎಷ್ಟು ಬಡಿಯುತ್ತದೆಂದು ಅಳೆದವರಿದ್ದಾರೆ. 1970ರ ಸುಮಾರಿಗೆ ಸಿಕ್ಕ ಸೂತ್ರ: 118.1ರಿಂದ ವಯಸ್ಸಿನ 0.57 ಪಟ್ಟು ಕಳೆಯಿರಿ. ಇಪ್ಪತ್ತರಲ್ಲಿ ಸುಮಾರು 107, ನಿಮ್ಮ ವಯಸ್ಸಿಗೆ 79. ಯೌವನದ ಹೃದಯ ಓಡಲು ತವಕಿಸುತ್ತಿರುತ್ತದೆ, ವೇಗಸ್ ನರ ಬ್ರೇಕ್ ಒತ್ತಿ ಅದನ್ನು 72ಕ್ಕೆ ಇಳಿಸುತ್ತದೆ. ಈಗ ಹೃದಯದ ಸ್ವಂತ ವೇಗವೇ ತಗ್ಗಿದೆ, ಬ್ರೇಕೂ ಸಡಿಲ. ಮೊತ್ತ ಮಾತ್ರ ಅದೇ. ನಿಮ್ಮ ಹಳೆಯ ಪಟ್ಟಿಯ ಕೆಳಗಿನ ಉದ್ದನೆಯ ಸಾಲನ್ನೇ ನೋಡಿ: ಉಸಿರಿನ ಜೊತೆಗೆ ಬಡಿತಗಳ ನಡುವಿನ ಅಂತರ ಹಿಗ್ಗಿ ಕುಗ್ಗಿದೆ. ಹೊಸದರಲ್ಲಿ ಅಳತೆಗೋಲು ಇಟ್ಟಂತೆ ಸಮ. ನೋಡಲು ಹೊಸದೇ ಚೆಂದ, ಆದರೆ ಆ ಏರುಪೇರು ಎಳೆತನದ್ದು!

ಗರಿಷ್ಠ ಬಡಿತವೂ ಇಳಿಯುತ್ತದೆ. ‘220ರಿಂದ ವಯಸ್ಸು ಕಳೆ’ ಎಂಬ ಲೆಕ್ಕ ಹಿರಿಯರಿಗೆ ಕಡಿಮೆ ತೋರಿಸುತ್ತದೆ. 2001ರಲ್ಲಿ ಬಂದ 208 − 0.7 × ವಯಸ್ಸು ಎಂಬುದರ ಪ್ರಕಾರ ನಿಮಗೆ 152 ಅಲ್ಲ, ಸುಮಾರು 160. ಅದೂ ಸರಾಸರಿಯೇ.

ಹಾಗೆಂದು ಎಲ್ಲವನ್ನೂ ವಯಸ್ಸಿನ ಲೆಕ್ಕಕ್ಕೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಏಟ್ರಿಯಲ್ ಫಿಬ್ರಿಲೇಷನ್ (ಮೇಲಿನ ಕೋಣೆಗಳು ತಾಳ ತಪ್ಪಿ ಅದುರುವುದು), ಹೊಸದಾಗಿ ಕಂಡ ಲೆಫ್ಟ್ ಬಂಡಲ್ ಬ್ರಾಂಚ್ ಬ್ಲಾಕ್ (ವಿದ್ಯುತ್ ದಾರಿಯ ಎಡಗವಲಿನ ತಡೆ), ಆಳವಾದ ಕ್ಯೂ ಅಲೆ (ಹಳೆಯ ಹೃದಯಾಘಾತದ ಗುರುತಿರಬಹುದು) ಮುಪ್ಪಿನಲ್ಲಿ ಹೆಚ್ಚಾಗಿ ಸಿಗುತ್ತವೆ ನಿಜ, ಆದರೆ ಅವುಗಳಿಗೆ ಕಾರಣ ಹುಡುಕಲೇಬೇಕು. ನಿಮ್ಮ ಎರಡು ಸಾಲಿಗೆ ಡಾಕ್ಟರ ಮಾತು ಒಪ್ಪುವಂಥದ್ದೇ. ಕಣ್ಣು ಕತ್ತಲೆ ಬಂದರೆ, ಎಚ್ಚರ ತಪ್ಪಿದರೆ ಆ ಮಾತು ಅಲ್ಲಿಗೆ ಮುಗಿಯಿತು, ಕೂಡಲೇ ತೋರಿಸಿ. ಮುಂದೆ ಯಾರಾದರೂ ಬೀಟಾ ಬ್ಲಾಕರ್ (ಬಡಿತ ತಗ್ಗಿಸುವ ಮಾತ್ರೆ) ಬರೆದುಕೊಟ್ಟರೆ ಈ ಎರಡೂ ಕಾಗದ ಅವರ ಮುಂದಿಡಿ. ಪಿಆರ್ ಅಂತರವನ್ನು ಆ ಮಾತ್ರೆಯೂ ಉದ್ದ ಮಾಡುತ್ತದೆ.