ಆ ದಿಬ್ಬುಕ್‌ಗೆ ಒಂದು ಹೆಸರು ಕೊಡಿ

ನಮಸ್ಕಾರ,

ನಿಮ್ಮ 'ಅಂಟು' ಕಥೆಯನ್ನು ಎರಡು ಸಲ ಓದಿದೆ. ಪೋಲೆಂಡಿನ ಯಹೂದಿ ಊರು, ಬ್ರೆಡ್ ಸುಡುವವನ ಮಗಳ ಮೈಮೇಲೆ ಬರುವ ದಿಬ್ಬುಕ್ ಎಂಬ ಪ್ರೇತ, ಬಿಡಿಸಲು ಬರುವ ರಬ್ಬಿ, ಅಂದರೆ ಯಹೂದಿ ಧರ್ಮಗುರು. ಹಿಟ್ಟು ನಾದುತ್ತಿದ್ದ ಅವಳ ಕೈ ಗಕ್ಕನೆ ನಿಲ್ಲುವ ಸಾಲು ಇನ್ನೂ ಮನಸ್ಸಿನಲ್ಲಿದೆ. ಆದರೆ ಕಥೆಯನ್ನು ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ನಿಮ್ಮ ರಬ್ಬಿ ಬೇವಿನ ಸೊಪ್ಪಿನಲ್ಲಿ ಹೊಡೆಯುತ್ತಾನೆ, ಮೆಣಸಿನಕಾಯಿ ಹೊಗೆ ಹಾಕುತ್ತಾನೆ. ಇವನು ನಮ್ಮೂರ ಮಂತ್ರವಾದಿ, ಅಲ್ವಾ? ಹೊಗೆ ಯಹೂದಿಗಳಲ್ಲೂ ಉಂಟು, ಆದರೆ ಗಂಧಕದ್ದು. ಇದು ಸುಲಭವಾಗಿ ತಿದ್ದಬಹುದಾದ ತಪ್ಪು.

ದೊಡ್ಡ ತೊಂದರೆ ಬೇರೆ. ನೀವು ದಿಬ್ಬುಕ್ಕನ್ನು ಸುಮ್ನೆ ಒಂದು ರಾಕ್ಷಸ ಮಾಡಿದ್ದೀರಿ. ಹೀಬ್ರೂವಿನಲ್ಲಿ ಆ ಮಾತಿನ ಬೇರು 'ಅಂಟಿಕೊಳ್ಳು' ಅಂತ. ಸಾಮಾನ್ಯವಾಗಿ ಅದು ಸತ್ತ ಮನುಷ್ಯನ ಆತ್ಮ. 16ನೇ ಶತಮಾನದಲ್ಲಿ, ಈಗಿನ ಇಸ್ರೇಲಿನ ಸಫೆದ್ ಊರಿನಲ್ಲಿ, ಯಹೂದಿ ಅನುಭಾವಿ ಐಸಾಕ್ ಲೂರಿಯಾ, ಅವರ ಶಿಷ್ಯ ಹಯೀಮ್ ವಿಟಾಲ್ ಇಂಥ ಆತ್ಮಗಳನ್ನು ಬಿಡಿಸುವ ಕ್ರಮವನ್ನು ಬೆಳೆಸಿದರು. ಅಂಥ ಆತ್ಮದ ಪಾಪ ಎಷ್ಟು ಜಾಸ್ತಿ ಅಂದರೆ ಅದಕ್ಕೆ ನರಕದ ಬಾಗಿಲೂ ತೆರೆಯುವುದಿಲ್ಲ. ದಂಡಿಸುವ ದೂತರು ಬೆನ್ನಟ್ಟುತ್ತಾರೆ. ಓಡಿ ಓಡಿ ಕೊನೆಗೆ ಒಂದು ಮೈಯೊಳಗೆ ಅಡಗುತ್ತದೆ. ಹಾಗಾಗಿ ರಬ್ಬಿಯ ಮುಂದೆ ನೋವಿನಲ್ಲಿರುವವರು ಇಬ್ಬರು. ಹುಡುಗಿಯನ್ನು ಬಿಡಿಸಬೇಕು, ಅಂಟಿದವನಿಗೂ ಒಂದು ದಾರಿ ಮಾಡಬೇಕು.

ಅದಕ್ಕೇ ಅಲ್ಲಿ ವಿಚಾರಣೆ ನಡೆಯುತ್ತದೆ. ಹತ್ತು ಗಂಡಸರು ಸೇರುತ್ತಾರೆ. ಧರ್ಮಗ್ರಂಥವಾದ ತೋರಾದ ಸುರುಳಿ ತರುತ್ತಾರೆ, ಟಗರಿನ ಕೊಂಬಿನ ಶೋಫಾರ್ ಊದುತ್ತಾರೆ. ನಿನ್ನ ಹೆಸರೇನು? ಯಾವ ಊರು? ಏನು ಪಾಪ ಮಾಡಿದೆ? ಒಪ್ಪದಿದ್ದರೆ ಬಹಿಷ್ಕಾರದ ಬೆದರಿಕೆ. ಕೊನೆಗೆ ಕಾಲಿನ ಕಿರುಬೆರಳಿನಿಂದ ಹೊರಡು ಅಂತ ಅಪ್ಪಣೆ. ಗಂಟಲಿನಿಂದಲೋ ಕಣ್ಣಿನಿಂದಲೋ ಹೊರಟರೆ ಹುಡುಗಿಗೇ ಅಪಾಯ. ನಿಮ್ಮದು ಗಂಟಲಿನಿಂದ ಕಿರುಚಿ ಹೊರಡುತ್ತದೆ! ಕಿರುಬೆರಳಲ್ಲಿ ಒಂದು ಹನಿ ರಕ್ತ, ಕಿಟಕಿ ಗಾಜಿನಲ್ಲಿ ಒಂದು ತೂತು, ಇಷ್ಟು ಸಾಕು.

ಈ ವಿಚಾರಣೆಯನ್ನು ನೀವು ಎರಡು ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಬೇಕಾದ ಕಥೆ ಇರುವುದೇ ಅಲ್ಲಿ. ಒಂದು ಸಾಧ್ಯತೆ ಹೇಳುತ್ತೇನೆ. ಗಂಡ ಸತ್ತದ್ದು ಖಾತ್ರಿಯಾಗದೆ ಹೆಂಡತಿ ಮತ್ತೆ ಮದುವೆಯಾಗುವಂತಿಲ್ಲ ಎನ್ನುತ್ತದೆ ಯಹೂದಿ ಧರ್ಮಶಾಸ್ತ್ರ. ಹೊಳೆಯಲ್ಲಿ ಮುಳುಗಿದವನೊಬ್ಬ, ಹೆಣ ಸಿಕ್ಕಿಲ್ಲ. ಅವನು ಈ ಹುಡುಗಿಯ ಬಾಯಿಂದ ತನ್ನ ಹೆಸರು ಹೇಳಿದರೆ? ಆ ಹತ್ತು ಜನರಲ್ಲಿ ಅವನ ತಮ್ಮನೂ ನಿಂತಿದ್ದರೆ?

ತಿದ್ದಿ ಕಳಿಸಿ, ಖಂಡಿತ ಮತ್ತೆ ಓದುತ್ತೇನೆ. ಆ ಹಿಟ್ಟಿನ ಸಾಲನ್ನು ಮಾತ್ರ ಮುಟ್ಟಬೇಡಿ.

ಇಂತಿ,
ಸಂಪಾದಕ